ಮನೆಯವರ ವಿಜ್ಞಾನ: ಕೊಟ್ಟಷ್ಟನ್ನೇ ಹಿಂದಿರುಗಿಸುವ ಯಂತ್ರ

ವಾಚಕ ಮಹಾಶಯರೊಬ್ಬರು ನಮಗೆ ದೀರ್ಘವಾದ ಕಾಗದವೊಂದನ್ನು ಬರೆದಿರುವರು. ಅವರ ಮಗಳು ಕಾಲೇಜಿನ ಮೊದಲನೆಯ ವರ್ಷದಲ್ಲಿದ್ದು, ಬಿಡುವಿನ ವೇಳೆಯಲ್ಲಿ ಎಲೆಕ್ಟ್ರಾನಿಕ್ಸ್ ವಿದ್ಯೆಯನ್ನು ತನ್ನಷ್ಟಕ್ಕೆ ತಾನೇ ಅಭ್ಯಾಸ ಮಾಡುತ್ತಿರುವಳಂತೆ. ಆಪರೇಷನಲ್ ಆಂಪ್ಲಿಫೈಯರು, ಅಂದರೆ ಎಲ್ಲರೂ ಚಿಕ್ಕದಾಗಿ ಆಪ್ ಆಂಪ್ ಎಂದು ಕರೆಯುವ ವರ್ಧಕದ ಪಾಠಕ್ಕೆ ಬಂದೊಡನೆ ಅವಳ ಉತ್ಸಾಹ ಕುಗ್ಗಿಹೋಯಿತು. ಪುಸ್ತಕದಲ್ಲಿ ಮೊಟ್ಟಮೊದಲು ಎದುರಾಗುವುದು ಬಫರು ಎಂಬ ವಿದ್ಯುನ್ಮಂಡಲ. ಅದಕ್ಕೆ ೨ ವೋಲ್ಟು ಕೊಟ್ಟರೆ ೨ ವೋಲ್ಟೇ ಹೊರಕ್ಕೆ ಬರುವುದು; ೩ ಕೊಟ್ಟರೆ ೩. “ಹೆಸರು ವರ್ಧಕ, ವರ್ಧಿಸುವುದು ಏನೂ ಇಲ್ಲ. ಇದಕ್ಕಿಂತ ಒಂದು ಗೇಣು ತಂತಿಯೇ ವಾಸಿಯಲ್ಲವೆ?” ಎಂದು ಅವಳ ಆಕ್ಷೇಪ. ತಂದೆಗೆ ಉತ್ತರ ತೋಚಲಿಲ್ಲ. ಹುಡುಗಿ ಪುಸ್ತಕವನ್ನು ಮುಚ್ಚಿಟ್ಟು ಒಂದು ತಿಂಗಳಾಯಿತೆಂದು ಅವರು ಚಿಂತೆಯಿಂದ ಬರೆದಿರುವರು.

ಕಾಗದದ ಕೊನೆಯಲ್ಲಿ, ಇದಕ್ಕೆ ಸಂಬಂಧವಿಲ್ಲದ ಮಾತೆಂಬಂತೆ, ಇನ್ನೊಂದು ಪ್ರಶ್ನೆಯೂ ಉಂಟು. ಮನೆಯಲ್ಲಿ ಅವರ ಪತ್ನಿಯವರು ವೀಣೆ ನುಡಿಸುವರು. ವೀಣೆಯ ಮೈಗೆ ಅಂಟಿಸುವ ಬಿಲ್ಲೆಯ ಮೈಕೊಂದನ್ನು ತಂದು ಧ್ವನಿವರ್ಧಕಕ್ಕೆ ಜೋಡಿಸಿದಾಗ ನಾದವು ತಗಡಿನ ಡಬ್ಬಿಯನ್ನು ಮೀಟಿದಂತೆ ಕೇಳಿಸಿತು. ಅಂಗಡಿಯವನು, “ವರ್ಧಕ ಸಾಲದು, ದೊಡ್ಡದನ್ನು ಕೊಳ್ಳಿ” ಎಂದು ಸಲಹೆಮಾಡಿದನಂತೆ. ಕೊಳ್ಳಬಹುದೇ ಎಂದು ಕೇಳಿರುವರು.

ಕೊಳ್ಳಬೇಡಿರೆಂದು ಮೊದಲೇ ಹೇಳಿಬಿಡುತ್ತೇವೆ. ಮಗಳು ನಿಷ್ಪ್ರಯೋಜಕವೆಂದು ಮುಚ್ಚಿಟ್ಟ ಪುಟವೇ ತಾಯಿಯ ವೀಣೆಗೆ ಮದ್ದು. ಅದು ಹೇಗೆಂಬುದನ್ನು ಈ ತಿಂಗಳು ಸಾವಕಾಶವಾಗಿ ನೋಡೋಣ.

ಮನೆಯ ಮಾಳಿಗೆಯ ಮೇಲೆ ನೀರಿನ ತೊಟ್ಟಿಯೊಂದಿದೆ. ಅದರಿಂದ ಕೆಳಗೆ ಬೆರಳಿಗಿಂತ ಸಣ್ಣದಾದ ಕೊಳವೆಯೊಂದು ಇಳಿದಿದೆ ಎಂದು ಭಾವಿಸಿರಿ. ನಲ್ಲಿಯನ್ನು ಮುಚ್ಚಿರುವಾಗ ಕೊಳವೆಯ ತುದಿಯಲ್ಲಿ ಒತ್ತಡವನ್ನು ಅಳೆದರೆ, ತೊಟ್ಟಿಯ ಎತ್ತರಕ್ಕೆ ಎಷ್ಟು ಸಲ್ಲಬೇಕೋ ಅಷ್ಟೂ ಕಾಣಿಸುವುದು. ಆದರೆ ಬಚ್ಚಲ ಹಂಡೆಯನ್ನು ತುಂಬಲೆಂದು ದೊಡ್ಡ ನಲ್ಲಿಯನ್ನು ತಿರುಗಿಸಿದೊಡನೆ ಒತ್ತಡವೆಲ್ಲ ಎಲ್ಲಿಯೋ ಅಡಗಿ, ನೀರು ತೊಟ್ಟಿಕ್ಕತೊಡಗುವುದು. ತೊಟ್ಟಿಯ ಎತ್ತರ ಕಡಮೆಯಾಗಲಿಲ್ಲ. ಕೊಳವೆ ಸಣ್ಣದಾದುದರಿಂದ ಹರಿವು ಹೆಚ್ಚಿದಾಗ ಒತ್ತಡವು ದಾರಿಯಲ್ಲಿಯೇ ವ್ಯಯವಾಯಿತು. ವಿದ್ಯುತ್ತಿನಲ್ಲಿ ಒತ್ತಡಕ್ಕೆ ವೋಲ್ಟೆಂದೂ, ಹರಿವಿಗೆ ಆಂಪಿಯರೆಂದೂ, ಕೊಳವೆಯ ಇಕ್ಕಟ್ಟಿಗೆ ಓಮ್ ಎಂದೂ ಹೆಸರು. ಇಕ್ಕಟ್ಟನ್ನು ಬೇಕೆಂದೇ ಒದಗಿಸುವ ಚಿಕ್ಕ ಕಡ್ಡಿಯಂಥ ಸಾಮಾನು ರೆಸಿಸ್ಟರು.

ಈಗ ಮೇಜಿನ ಮೇಲೆ ಒಂದು ಪ್ರಯೋಗ. ೯ ವೋಲ್ಟಿನ ಚಿಕ್ಕ ಬ್ಯಾಟರಿಯ ಎರಡು ತುದಿಗಳ ನಡುವೆ, ೧೦,೦೦೦ ಓಮಿನ ಎರಡು ರೆಸಿಸ್ಟರುಗಳನ್ನು ಒಂದರ ಹಿಂದೊಂದಾಗಿ ಜೋಡಿಸಿ. ಎರಡೂ ಸಮನಾದುದರಿಂದ ನಡುವಿನ ಸಂಧಿಯಲ್ಲಿ ೯ರ ಅರ್ಧ, ಎಂದರೆ ೪.೫ ವೋಲ್ಟು ದೊರೆಯಬೇಕು. ಮೀಟರಿನಲ್ಲಿ ನೋಡಿದರೆ ಅಷ್ಟೇ ಇರುವುದು. ಆರಂಭದ ಅಭ್ಯಾಸಿಗೆ ಇದು ಬಹಳ ಸಂತೋಷವನ್ನುಂಟುಮಾಡುವ ಗಳಿಗೆ. ಇನ್ನು ಈ ೪.೫ ವೋಲ್ಟಿನಿಂದ ಏನಾದರೂ ಕೆಲಸ ತೆಗೆದುಕೊಳ್ಳೋಣವೆಂದು, ಸಂಧಿಯಿಂದ ಬ್ಯಾಟರಿಯ ಋಣ ತುದಿಗೆ ೧,೦೦೦ ಓಮಿನ ಭಾರವೊಂದನ್ನು ಸೇರಿಸಿ, ಪುನಃ ಅಳೆಯಿರಿ. ೪.೫ ಎಲ್ಲಿ? ಮುಕ್ಕಾಲು ವೋಲ್ಟು ಮಾತ್ರ ಉಳಿದಿರುವುದು!

ಲೆಕ್ಕ ಸುಲಭ. ಕೆಳಗಿನ ೧೦,೦೦೦ದ ಪಕ್ಕದಲ್ಲಿ ೧,೦೦೦ ಓಮಿನ ಮತ್ತೊಂದು ದಾರಿ ತೆರೆದುದರಿಂದ, ಅವೆರಡೂ ಸೇರಿ ಸುಮಾರು ೯೦೯ ಓಮಿನ ಒಂದೇ ದಾರಿಯಂತೆ ಆದುವು. ಮೇಲಿನದು ೧೦,೦೦೦ವಾಗಿಯೇ ಉಳಿಯಿತು. ಒಟ್ಟು ೧೦,೯೦೯ರಲ್ಲಿ ೯೦೯ ಎಂದರೆ ಹನ್ನೆರಡರಲ್ಲಿ ಒಂದು ಪಾಲು. ೯ ವೋಲ್ಟಿನಲ್ಲಿ ಹನ್ನೆರಡರ ಒಂದು ಪಾಲು ಮುಕ್ಕಾಲು ವೋಲ್ಟು. ಯಾರೂ ಮೋಸಮಾಡಲಿಲ್ಲ, ಯಾವುದೂ ಕೆಟ್ಟಿಲ್ಲ. ಸಂಧಿಯಲ್ಲಿ ಒತ್ತಡವಿದ್ದಿತೇ ಹೊರತು ಹರಿವನ್ನು ಕೊಡುವ ಶಕ್ತಿ ಇರಲಿಲ್ಲ.

ಹಾಗಾದರೆ ಕೊಳವೆಯನ್ನೇ ದೊಡ್ಡದು ಮಾಡಬಾರದೇಕೆ ಎಂದು ಕೇಳಬಹುದು. ೧೦,೦೦೦ಕ್ಕೆ ಬದಲು ೧೦೦ ಓಮಿನ ರೆಸಿಸ್ಟರುಗಳನ್ನು ಹಾಕಿದರೆ, ಅದೇ ಭಾರಕ್ಕೆ ಸುಮಾರು ೪.೩ ವೋಲ್ಟು ನಿಲ್ಲುವುದು ನಿಜ. ಆದರೆ ಭಾರವಿರಲಿ ಇಲ್ಲದಿರಲಿ, ಆ ಎರಡು ರೆಸಿಸ್ಟರುಗಳ ಮೂಲಕ ೪೫ ಮಿಲಿಆಂಪಿಯರು ಸದಾ ಹರಿದುಹೋಗುತ್ತಿರುವುದರಿಂದ ಚಿಕ್ಕ ಬ್ಯಾಟರಿ ಒಂದು ದಿನವೂ ಬಾಳದು. ದೀಪ ಹಚ್ಚಲು ಮನೆಗೇ ಬೆಂಕಿಯಿಟ್ಟಂತಾಯಿತು. ಅದೂ ಅಲ್ಲದೆ, ಎಷ್ಟೋ ವೇಳೆ ಕೊಳವೆಯನ್ನು ಬದಲಾಯಿಸುವುದು ನಮ್ಮ ಕೈಯಲ್ಲಿರುವುದಿಲ್ಲ. ನೀರಿನ ಅಥವಾ ಮಣ್ಣಿನ ಆಮ್ಲಗುಣವನ್ನು ಅಳೆಯುವ ಪಿಎಚ್ ಮೀಟರನ್ನು ತೆಗೆದುಕೊಳ್ಳಿ. ಅದರ ತುದಿಯಲ್ಲಿರುವ ಗಾಜಿನ ಬುರುಡೆಯಲ್ಲಿಯೇ ವಿದ್ಯುತ್ತು ಹುಟ್ಟತಕ್ಕದ್ದು. ಆ ಗಾಜಿನ ಇಕ್ಕಟ್ಟು ಹತ್ತು ಕೋಟಿ ಓಮುಗಳ ಮಟ್ಟದಲ್ಲಿರುವುದು. ಗಾಜನ್ನು ಬೇಡಿಕೊಂಡರೆ ಅದು ಲೋಹವಾಗುವುದೇ? ಒಂದು ಕೋಟಿ ಓಮಿನ ಸಾಧಾರಣ ಮೀಟರನ್ನು ಅದಕ್ಕೆ ನೇರವಾಗಿ ಜೋಡಿಸಿದರೆ ಹನ್ನೊಂದರಲ್ಲಿ ಒಂದು ಪಾಲು ಮಾತ್ರ ತೋರುವುದು.

ಅಳೆಯಹೋದ ಕೈಯೇ ಅಳತೆಯನ್ನು ಕೆಡಿಸುವ ಈ ಸಂಗತಿಯನ್ನು ಇನ್ನೊಂದು ಬಗೆಯಾಗಿಯೂ ನೋಡಬಹುದು. ಮೇಲಿನ ಪ್ರಯೋಗವನ್ನೇ ಹತ್ತು ಲಕ್ಷ ಓಮಿನ ಎರಡು ರೆಸಿಸ್ಟರುಗಳಿಂದ ಮಾಡಿ. ನಡುವೆ ಇರುವುದು ೪.೫ ವೋಲ್ಟೇ. ಒಂದು ಕೋಟಿ ಓಮಿನ ಅಂಕಿ ಮೀಟರು ಅದನ್ನು ಸುಮಾರು ೪.೩ ಎನ್ನುವುದು. ಹಳೆಯ ಕಾಲದ ಮುಳ್ಳಿನ ಮೀಟರು, ವೋಲ್ಟಿಗೆ ೨೦,೦೦೦ ಓಮಿನದು, ತನ್ನ ೧೦ ವೋಲ್ಟಿನ ಅಳತೆಯಲ್ಲಿ ೧.೩ಕ್ಕಿಂತ ಕಡಮೆ ತೋರುವುದು. ಎರಡೂ ಒಳ್ಳೆಯ ಮೀಟರುಗಳೇ. ಎರಡೂ ತಾವು ಕಂಡುದನ್ನೇ ಹೇಳುತ್ತಿವೆ. ಆದರೆ ತಾವು ಕಾಣಬೇಕೆಂದು ತಾವೇ ಕೊಂಚ ಹೀರಿಕೊಂಡವು. ಮೀಟರಿನ ಮಾತನ್ನು ವೇದವಾಕ್ಯವೆಂದು ನಂಬಿ ಗಂಟೆಗಟ್ಟಲೆ ತಪ್ಪು ಹುಡುಕುತ್ತ ಕೂರುವ ಹುಡುಗರಿಗೆ ಈ ಲೆಕ್ಕವನ್ನು ಮೊದಲ ವಾರದಲ್ಲಿಯೇ ಹೇಳಿಕೊಡಬೇಕೆಂದು ನಮ್ಮ ಅಭಿಪ್ರಾಯ. ಪಾಠಪುಸ್ತಕಗಳು ಇದನ್ನು ಏಕೋ ಬಹಳ ಹಿಂದಕ್ಕೆ ತಳ್ಳಿರುವುವು.

ನಮಗೆ ಬೇಕಾದುದು ಈಗ ಸ್ಪಷ್ಟವಾಯಿತು. ದುರ್ಬಲವಾದ ಮೂಲದಿಂದ ಬಹುಮಟ್ಟಿಗೆ ಏನನ್ನೂ ಹೀರದೆ ಅದರ ಒತ್ತಡವನ್ನು ತಿಳಿದುಕೊಂಡು, ಅಷ್ಟೇ ಒತ್ತಡವನ್ನು ತನ್ನ ಸ್ವಂತ ಬಲದಿಂದ ಮುಂದಿನವರಿಗೆ ಕೊಡುವ ಮಧ್ಯಸ್ಥನೊಬ್ಬನು ಬೇಕು. ಹಿಂದೆ ಊರಿನ ಹಿರಿಯರು ಕುಳಿತಲ್ಲಿಯೇ ಮೆಲ್ಲನೆ ಒಂದು ಮಾತನ್ನು ಹೇಳುವರು. ಡಂಗುರದವನು ಅದೇ ಮಾತನ್ನು, ಒಂದಕ್ಷರವನ್ನೂ ಹೆಚ್ಚುಕಡಮೆ ಮಾಡದೆ, ಬೀದಿ ಬೀದಿಗೆ ಕೇಳುವಂತೆ ಸಾರುವನು. ಮಾತು ಹಿರಿಯರದು, ಗಂಟಲು ಡಂಗುರದವನದು. ಬಫರು ಎಂದರೆ ಇಷ್ಟೇ. ತಂತಿಗೂ ಇದಕ್ಕೂ ಇರುವ ಭೇದವೂ ಇದೇ: ತಂತಿಯ ಮೂಲಕ ಹರಿಯುವುದೆಲ್ಲ ಮುದುಕರ ಗಂಟಲಿನಿಂದಲೇ ಬರಬೇಕು. ಹುಡುಗಿಯು ವೋಲ್ಟನ್ನು ಮಾತ್ರ ನೋಡಿದಳು. ಹರಿವು ಎಲ್ಲಿಂದ ಬರುವುದೆಂದು ನೋಡಲಿಲ್ಲ. ಪುಸ್ತಕದವರೂ ತೋರಿಸಲಿಲ್ಲವಾದ್ದರಿಂದ ಅವಳನ್ನು ದೂರುವಂತಿಲ್ಲ.

ಪುಸ್ತಕದವರು ತೋರಿಸಲಿಲ್ಲವೆಂದೆವಷ್ಟೆ. ಆಪ್ ಆಂಪನ್ನು ಚಿತ್ರದಲ್ಲಿ ತ್ರಿಕೋನದಂತೆ ಬರೆಯುವರು. ಎಡಗಡೆ ಎರಡು ಬಾಗಿಲುಗಳು, ಒಂದಕ್ಕೆ ಧನಚಿಹ್ನೆ, ಇನ್ನೊಂದಕ್ಕೆ ಋಣಚಿಹ್ನೆ. ಬಲಗಡೆ ಮೂಲೆಯಲ್ಲಿ ಹೊರಬಾಗಿಲು. ಇನ್ನೆರಡು ಕಾಲುಗಳು, ಬ್ಯಾಟರಿಯಿಂದ ಶಕ್ತಿ ಪಡೆಯುವಂಥವು, ಅನೇಕ ಚಿತ್ರಗಳಲ್ಲಿ ಕಾಣಿಸುವುದೇ ಇಲ್ಲ. ಎಲ್ಲರಿಗೂ ಗೊತ್ತಿದೆಯೆಂದು ಬಿಟ್ಟುಬಿಡುವ ವಾಡಿಕೆ. ಗೊತ್ತಿಲ್ಲದವರಿಗೆ ಮೂರು ಗೆರೆಗಳ ಈ ತ್ರಿಕೋನವು ಶಕ್ತಿಯನ್ನು ಶೂನ್ಯದಿಂದ ಸೃಷ್ಟಿಸುವ ಮಾಯಾಪೆಟ್ಟಿಗೆಯಂತೆ ತೋರುವುದು. ಬಫರು ಹೊರಕ್ಕೆ ಕೊಡುವ ಪ್ರತಿಯೊಂದು ಮಿಲಿಆಂಪಿಯರೂ ಆ ಕಾಣದ ಕಾಲುಗಳಿಂದಲೇ ಬರತಕ್ಕದ್ದು.

ಆಪ್ ಆಂಪಿನ ಸ್ವಭಾವವನ್ನು ಒಂದೇ ವಾಕ್ಯದಲ್ಲಿ ಹೇಳಬಹುದು. ಧನದ ಬಾಗಿಲಿನ ಒತ್ತಡದಿಂದ ಋಣದ ಬಾಗಿಲಿನ ಒತ್ತಡವನ್ನು ಕಳೆದು, ಉಳಿದುದನ್ನು ಅತಿ ದೊಡ್ಡ ಸಂಖ್ಯೆಯಿಂದ ಗುಣಿಸಿ ಹೊರಕ್ಕೆ ಕೊಡುವುದು. ಆ ಸಂಖ್ಯೆ ಲಕ್ಷದ ಮಟ್ಟದ್ದು. ಪ್ರಸಿದ್ಧವಾದ ೭೪೧ ಎಂಬ ಚಿಪ್ಪಿನಲ್ಲಿ ಸಾಮಾನ್ಯವಾಗಿ ಎರಡು ಲಕ್ಷ. ಇಷ್ಟು ಉಗ್ರವಾದ ಪ್ರಾಣಿಯನ್ನು ಹಾಗೆಯೇ ಬಿಟ್ಟರೆ ಪ್ರಯೋಜನವಿಲ್ಲ. ಎರಡು ಬಾಗಿಲುಗಳ ನಡುವೆ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಹೊರಬಾಗಿಲು ಬ್ಯಾಟರಿಯ ಒಂದು ತುದಿಗೋ ಇನ್ನೊಂದು ತುದಿಗೋ ಹೋಗಿ ಅಂಟಿಕೊಂಡು ನಿಲ್ಲುವುದು. ಬಫರು ಮಾಡುವಲ್ಲಿ ಹೊರಬಾಗಿಲಿನಿಂದ ಒಂದು ತಂತಿಯನ್ನು ತಂದು ಋಣದ ಬಾಗಿಲಿಗೆ ಕಟ್ಟಿಬಿಡುವರು. ನಮ್ಮ ಸಂಜ್ಞೆಯನ್ನು ಧನದ ಬಾಗಿಲಿಗೆ ಕೊಡುವರು. ಅಷ್ಟೇ. ಬೇರೆ ಯಾವ ಸಾಮಾನೂ ಇಲ್ಲ.

ಈ ಒಂದು ತಂತಿಯಿಂದ ನಡೆಯುವ ಕೆಲಸವನ್ನು ನಿಧಾನವಾಗಿ ಅನುಸರಿಸಬೇಕು. ಧನದ ಬಾಗಿಲಿಗೆ ೪.೫ ವೋಲ್ಟು ಬಂದಿತೆನ್ನಿ. ಹೊರಬಾಗಿಲಿನಲ್ಲಿ ಇನ್ನೂ ಸೊನ್ನೆ. ಆದುದರಿಂದ ಋಣದ ಬಾಗಿಲಿನಲ್ಲಿಯೂ ಸೊನ್ನೆ. ವ್ಯತ್ಯಾಸ ೪.೫. ಇದನ್ನು ಲಕ್ಷದಿಂದ ಗುಣಿಸುವ ಆತುರದಿಂದ ಹೊರಬಾಗಿಲು ಮೇಲಕ್ಕೆ ಏರತೊಡಗುವುದು. ಆದರೆ ಅದು ಏರಿದಂತೆಲ್ಲ ಋಣದ ಬಾಗಿಲೂ ಏರುವುದು, ವ್ಯತ್ಯಾಸ ಕುಗ್ಗುವುದು. ಒಂದು ವೇಳೆ ೪.೫ನ್ನು ದಾಟಿದರೆ ವ್ಯತ್ಯಾಸವು ತಿರುಗಿಬಿದ್ದು, ಹೊರಬಾಗಿಲನ್ನು ಕೆಳಕ್ಕೆ ಎಳೆಯುವುದು. ಹೀಗೆ ಹೆಚ್ಚಾದರೆ ಇಳಿಸುತ್ತ, ಕಡಮೆಯಾದರೆ ಏರಿಸುತ್ತ, ಅದು ತನ್ನಷ್ಟಕ್ಕೆ ಒಂದು ಸ್ಥಳದಲ್ಲಿ ನಿಲ್ಲುವುದು. ಗುಣಕ ಒಂದು ಲಕ್ಷವಾಗಿದ್ದರೆ ನಿಲ್ಲುವ ಸ್ಥಳ ೪.೪೯೯೯೫೫ ವೋಲ್ಟು. ಉಳಿದ ವ್ಯತ್ಯಾಸ ೪೫ ಮೈಕ್ರೋವೋಲ್ಟು ಮಾತ್ರ. ಅದನ್ನು ಲಕ್ಷದಿಂದ ಗುಣಿಸಿ ನೋಡಿರಿ, ಸುಮಾರು ೪.೫ ಬರುವುದು. ಈ ಅತ್ಯಲ್ಪ ವ್ಯತ್ಯಾಸ ಉಳಿಯಲೇಬೇಕು. ಅದೂ ಇಲ್ಲವಾದರೆ ಗುಣಿಸಲು ಏನೂ ಇರದು.

“ಆಪ್ ಆಂಪಿನ ಎರಡು ಬಾಗಿಲುಗಳೂ ಸದಾ ಒಂದೇ ಒತ್ತಡದಲ್ಲಿರುವುವು” ಎಂದು ಪಾಠದಲ್ಲಿ ಒಂದು ಸೂತ್ರವನ್ನು ಬಾಯಿಪಾಠ ಮಾಡಿಸುವರು. ಸೂತ್ರವೇನೋ ಉಪಯುಕ್ತ, ಆದರೆ ಅದನ್ನು ಹಾಗೆಯೇ ನುಂಗಿದವರು, ಬಾಗಿಲುಗಳ ಒಳಗಡೆ ಯಾವುದೋ ಗುಪ್ತವಾದ ನಂಟು ಇದೆಯೆಂದು ತಿಳಿಯುವರು. ಅಂಥ ನಂಟು ಇಲ್ಲ. ಹೊರಬಾಗಿಲು ದುಡಿದು ದುಡಿದು ಅವೆರಡನ್ನೂ ಸಮನಾಗಿಡುತ್ತಿದೆ. ಅದಕ್ಕೆ ದುಡಿಯುವ ಅವಕಾಶ ತಪ್ಪಿದರೆ, ಎಂದರೆ ಬ್ಯಾಟರಿ ಸಾಲದಿದ್ದರೆ, ಭಾರ ಮಿತಿಮೀರಿದರೆ, ತಂತಿ ಕಳಚಿದರೆ, ಸೂತ್ರವೂ ತಪ್ಪುವುದು. ಮಂಡಲದಲ್ಲಿ ದೋಷವನ್ನು ಹುಡುಕುವವನು ಮೊದಲು ಎರಡು ಬಾಗಿಲುಗಳನ್ನು ಅಳೆದು, ಅವು ಸಮವಿಲ್ಲವೆಂದು ಕಂಡರೆ, ಹೊರಬಾಗಿಲು ಏಕೆ ಸೋತಿತೆಂದು ವಿಚಾರಿಸಬೇಕು.

ಇನ್ನು ಭಾರದ ಮಾತು. ಹೊರಬಾಗಿಲಿಗೆ ಆ ೧,೦೦೦ ಓಮನ್ನು ಕಟ್ಟಿದಾಗ ಅದು ಒತ್ತಡವನ್ನು ಕೆಳಕ್ಕೆ ಜಗ್ಗಲು ನೋಡುವುದು. ಕೊಂಚ ಜಗ್ಗಿದೊಡನೆ ವ್ಯತ್ಯಾಸ ಹೆಚ್ಚುವುದು. ಹೆಚ್ಚಿದೊಡನೆ ಚಿಪ್ಪು ಬ್ಯಾಟರಿಯಿಂದ ಇನ್ನಷ್ಟು ಹರಿವನ್ನು ತಂದು ಸುರಿದು ಸರಿಪಡಿಸುವುದು. ೪.೫ ಮಿಲಿಆಂಪಿಯರು ಹರಿದರೂ ಒತ್ತಡ ೪.೫ ವೋಲ್ಟಾಗಿಯೇ ನಿಂತಿರುವುದು. ಹಿಂದುಗಡೆ ನಮ್ಮ ಎರಡು ರೆಸಿಸ್ಟರುಗಳ ಸಂಧಿಗೆ ಈ ಗದ್ದಲದ ಸುಳಿವೂ ಇಲ್ಲ.

ಪಡೆದ ವರ್ಧನೆಯನ್ನು ಹೀಗೆ ಕೈಯಾರೆ ಬಿಟ್ಟುಕೊಟ್ಟು ನಿಖರತೆಯನ್ನು ಕೊಳ್ಳುವ ಉಪಾಯವು ಹೆರಾಲ್ಡ್ ಬ್ಲ್ಯಾಕ್ ಎಂಬ ಅಮೆರಿಕದ ಎಂಜಿನಿಯರಿಗೆ ೧೯೨೭ನೆಯ ಆಗಸ್ಟ್ ೨ರ ಬೆಳಗ್ಗೆ ಹೊಳೆಯಿತು. ಅವರು ಬೆಲ್ ಪ್ರಯೋಗಶಾಲೆಯ ಕೆಲಸಕ್ಕೆ ಹೋಗಲು ಹಡ್ಸನ್ ನದಿಯನ್ನು ದೋಣಿಯಲ್ಲಿ ದಾಟುತ್ತಿದ್ದರು. ಬೇರೆ ಕಾಗದವಿಲ್ಲದೆ, ಕೈಯಲ್ಲಿದ್ದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಹಾಳೆಯ ಮೇಲೆಯೇ ಲೆಕ್ಕವನ್ನು ಬರೆದುಕೊಂಡರು. ದೂರದೂರದ ಟೆಲಿಫೋನು ಮಾತುಗಳು ವರ್ಧಕದಿಂದ ವರ್ಧಕಕ್ಕೆ ಸಾಗುತ್ತ ವಿಕಾರವಾಗುತ್ತಿದ್ದುದು ಆಗಿನ ತೊಡಕು. ಕಷ್ಟಪಟ್ಟು ಗಳಿಸಿದ ವರ್ಧನೆಯನ್ನು ಎಸೆದುಬಿಡುವುದೇ ಪರಿಹಾರವೆಂದರೆ ಯಾರು ನಂಬುವರು? ಪೇಟೆಂಟು ಅವರ ಕೈಗೆ ಬಂದುದು ೧೯೩೭ರಲ್ಲಿ. ಆಪರೇಷನಲ್ ಆಂಪ್ಲಿಫೈಯರು ಎಂಬ ಹೆಸರು ರಗಜಿನಿ ಮತ್ತು ಅವರ ಸಂಗಡಿಗರು ೧೯೪೭ರಲ್ಲಿ ಪ್ರಕಟಿಸಿದ ಲೇಖನದಿಂದ ಪ್ರಚಾರಕ್ಕೆ ಬಂದಿತು. ಆಗ ಅದು ಗಾಜಿನ ವಾಲ್ವುಗಳಿಂದ ಮಾಡಿದ, ಗಣಿತದ ಲೆಕ್ಕಗಳನ್ನು ಬಿಡಿಸುವ ಸಲಕರಣೆ. ಒಂದೇ ಚಿಪ್ಪಿನೊಳಗೆ ಅದು ಅಡಗಿದ್ದು ೧೯೬೦ರ ದಶಕದಲ್ಲಿ. ಫೇರ್‌ಚೈಲ್ಡ್ ಕಂಪೆನಿಯಲ್ಲಿ ಡೇವ್ ಫುಲ್ಲಾಗರ್ ರಚಿಸಿದ ೭೪೧ ಹೊರಬಂದುದು ೧೯೬೮ರಲ್ಲಿ. ಅದಕ್ಕೆ ಹಿಂದಿನ ೭೦೯ ಚಿಪ್ಪನ್ನು ಬಫರಾಗಿ ಕಟ್ಟಿದರೆ, ಹೊರಗಿನಿಂದ ಹೆಚ್ಚಿನ ಸಾಮಾನುಗಳನ್ನು ಸೇರಿಸಿ ಪಳಗಿಸದಿದ್ದಲ್ಲಿ, ಅದು ತಾನೇ ತಾನಾಗಿ ಕಂಪಿಸತೊಡಗುತ್ತಿದ್ದಿತು. ಫುಲ್ಲಾಗರ್ ೩೦ ಪಿಕೋಫ್ಯಾರಡಿನ ಚಿಕ್ಕ ಸಂಗ್ರಾಹಕವೊಂದನ್ನು ಚಿಪ್ಪಿನ ಒಳಗೇ ಇಟ್ಟುಬಿಟ್ಟರು. ಹೊರಬಾಗಿಲನ್ನು ಋಣಕ್ಕೆ ಒಂದೇ ತಂತಿಯಿಂದ ಕಟ್ಟಿ ನಿಶ್ಚಿಂತೆಯಿಂದಿರುವ ಈಗಿನ ಸೌಲಭ್ಯ ಬಹುಮಟ್ಟಿಗೆ ಅದರ ಫಲ. ಆದರೂ ಎಲ್ಲ ಚಿಪ್ಪುಗಳೂ ಇಷ್ಟು ಸಾಧುವಲ್ಲ. ಸಂಗೀತದ ಸಲಕರಣೆಗಳಲ್ಲಿ ಹೆಸರುವಾಸಿಯಾದ ಎನ್‌ಇ ೫೫೩೪ ಎಂಬುದನ್ನು ಹೊರಗಿನ ಸಂಗ್ರಾಹಕವಿಲ್ಲದೆ ಬಫರಾಗಿ ಕಟ್ಟಬಾರದು.

ಮನೆಯಲ್ಲಿ ಕೈಯಾರೆ ಮಾಡಿ ನೋಡುವವರಿಗೆ ಎಲ್‌ಎಂ ೩೫೮ ಎಂಬ ಚಿಪ್ಪು ಅನುಕೂಲ. ಅದರ ಬೆಲೆ ಹೋಟೆಲಿನ ಒಂದು ಕಾಫಿಯಷ್ಟೂ ಆಗಲಿಕ್ಕಿಲ್ಲ. ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯಂಥ ಪೇಟೆಯಲ್ಲಿ ಹೇರಳವಾಗಿ ಸಿಕ್ಕುವುದು. ಅದರೊಳಗೆ ಎರಡು ಆಪ್ ಆಂಪುಗಳುಂಟು. ಮೇಲಿನ ಕಚ್ಚು ನಿಮ್ಮಿಂದ ದೂರದ ಕಡೆಗಿರುವಂತೆ ಹಿಡಿದು, ಎಡಗಡೆಯ ಮೇಲಿನ ಕಾಲಿನಿಂದ ಮೊದಲುಮಾಡಿ ಅಪ್ರದಕ್ಷಿಣವಾಗಿ ಎಣಿಸಬೇಕು. ೮ನೆಯ ಕಾಲಿಗೆ ಬ್ಯಾಟರಿಯ ಧನ, ೪ನೆಯದಕ್ಕೆ ಋಣ. ೧ ಮತ್ತು ೨ನೆಯ ಕಾಲುಗಳನ್ನು ಒಂದಕ್ಕೊಂದು ಕಟ್ಟಿ, ೩ನೆಯದಕ್ಕೆ ರೆಸಿಸ್ಟರುಗಳ ಸಂಧಿಯನ್ನು ಸೇರಿಸಿ. ಉಳಿದ ಆಪ್ ಆಂಪನ್ನು ಅನಾಥವಾಗಿ ಬಿಡದೆ, ೬ನ್ನೂ ೭ನ್ನೂ ಕಟ್ಟಿ, ೫ನ್ನು ಅದೇ ಸಂಧಿಗೆ ಸೇರಿಸಿಬಿಡಿ. ೧ನೆಯ ಕಾಲಿನಿಂದ ಋಣಕ್ಕೆ ೧,೦೦೦ ಓಮನ್ನು ಜೋಡಿಸಿ ಅಳೆದರೆ ೪.೫ ವೋಲ್ಟು ಅಲುಗದೆ ನಿಂತಿರುವುದು. ಮುಕ್ಕಾಲು ವೋಲ್ಟನ್ನು ಕಂಡು ಪುಸ್ತಕವನ್ನು ಮುಚ್ಚಿದವರಿಗೆ ಇದನ್ನು ಕಣ್ಣಾರೆ ಕಾಣುವುದು ಅವಶ್ಯ.

ಕೆಡುವ ಬಗೆಗಳೂ ಕೆಲವುಂಟು. ಧನ ಋಣಗಳನ್ನು ಅದಲುಬದಲು ಮಾಡಿದರೆ, ತಪ್ಪನ್ನು ತಿದ್ದಬೇಕಾದ ತಂತಿಯೇ ತಪ್ಪನ್ನು ಬೆಳೆಸುವುದು. ಹೊರಬಾಗಿಲು ಒಂದು ತುದಿಗೆ ಹೋಗಿ ಕೂರುವುದು. ೩೫೮ ಚಿಪ್ಪು ಕೆಳಗಡೆ ಸೊನ್ನೆಯ ಸಮೀಪದವರೆಗೆ ಇಳಿಯಬಲ್ಲದಾದರೂ ಮೇಲ್ಗಡೆ ಬ್ಯಾಟರಿಗಿಂತ ಸುಮಾರು ಒಂದೂವರೆ ವೋಲ್ಟು ಕೆಳಗೇ ನಿಲ್ಲುವುದು. ೯ ವೋಲ್ಟಿನ ಬ್ಯಾಟರಿಯಿಟ್ಟು ೮.೫ ವೋಲ್ಟನ್ನು ಅನುಸರಿಸೆಂದರೆ ಅದು ಅನುಸರಿಸದು. ೭೪೧ ಎರಡು ತುದಿಗಳಲ್ಲಿಯೂ ಅಂತರವನ್ನು ಬೇಡುವುದರಿಂದ ಒಂದೇ ಚಿಕ್ಕ ಬ್ಯಾಟರಿಗೆ ಅಷ್ಟಾಗಿ ಹೊಂದದು. ಬಲವೆಂದೆವೆಂದು ಅದರಿಂದ ಮೋಟರನ್ನು ತಿರುಗಿಸಹೋಗಬಾರದು. ಇಂಥ ಚಿಪ್ಪುಗಳ ಶಕ್ತಿ ಇಪ್ಪತ್ತು ಮೂವತ್ತು ಮಿಲಿಆಂಪಿಯರಿನ ಸುಮಾರಿಗೆ ಮುಗಿಯಿತು. ಒಳಬಾಗಿಲು ಏನನ್ನೂ ಹೀರದೆಂಬ ಮಾತೂ ಪೂರ್ಣ ಸತ್ಯವಲ್ಲ. ೭೪೧ಕ್ಕೆ ಸುಮಾರು ೮೦ ನ್ಯಾನೋಆಂಪಿಯರು ಬೇಕು. ಟಿಎಲ್ ೦೭೧ ಎಂಬುದಕ್ಕೆ ಅದರ ಸಾವಿರದಲ್ಲೊಂದು ಪಾಲಿನಷ್ಟು, ೬೫ ಪಿಕೋಆಂಪಿಯರು, ಸಾಕು. ಎಷ್ಟೇ ಅಲ್ಪವಾದರೂ ಅದಕ್ಕೊಂದು ದಾರಿ ಇರಲೇಬೇಕು. ದಾರಿಯನ್ನು ಮರೆತು ಒಳಬಾಗಿಲನ್ನು ಸಂಗ್ರಾಹಕವೊಂದಕ್ಕೆ ಮಾತ್ರ ಕಟ್ಟಿಬಿಟ್ಟರೆ, ಮಂಡಲವು ಒಂದು ಗಳಿಗೆ ಸರಿಯಾಗಿದ್ದು ಅನಂತರ ಮೆಲ್ಲಮೆಲ್ಲನೆ ಜಾರಿಹೋಗುವುದು. ಇಂಥ ರೋಗವನ್ನು ಕಂಡುಹಿಡಿಯುವುದು ಬಲು ಕಷ್ಟ.

ಈಗ ವೀಣೆಗೆ ಬರೋಣ. ವಾದ್ಯಕ್ಕೆ ಅಂಟಿಸುವ ಬಿಲ್ಲೆಯು ಪೀಜೋ ಎಂಬ ಜಾತಿಯದು. ಕೆಲವು ಹರಳುಗಳನ್ನು ಅದುಮಿದರೆ ವಿದ್ಯುತ್ತು ಹುಟ್ಟುವುದೆಂದು ಕ್ಯೂರಿ ಸಹೋದರರು, ಪಿಯರ್ ಮತ್ತು ಜಾಕ್, ೧೮೮೦ರಲ್ಲಿ ಕಂಡುಹಿಡಿದರು. ಈಗಿನ ಬಿಲ್ಲೆಗಳು ಅದೇ ಗುಣವುಳ್ಳ ಪಿಂಗಾಣಿಯವು. ಒತ್ತಡವನ್ನು ಅದು ಧಾರಾಳವಾಗಿಯೇ ಹುಟ್ಟಿಸುವುದು, ಹರಿವು ಮಾತ್ರ ಅತ್ಯಲ್ಪ. ವಿದ್ಯುತ್ತಿನ ದೃಷ್ಟಿಯಿಂದ ಅದು ಸುಮಾರು ೨೦ ನ್ಯಾನೋಫ್ಯಾರಡಿನ ಸಂಗ್ರಾಹಕದ ಹಿಂದೆ ಅವಿತಿರುವ ಮೂಲದಂತೆ. ಸಂಗ್ರಾಹಕದ ಸ್ವಭಾವವೇನೆಂದರೆ, ತ್ವರಿತವಾದ ಕಂಪನಗಳಿಗೆ ಅದು ಅಗಲವಾದ ದಾರಿ, ನಿಧಾನವಾದ ಕಂಪನಗಳಿಗೆ ಇಕ್ಕಟ್ಟಾದ ದಾರಿ.

ಸಾಧಾರಣ ಧ್ವನಿವರ್ಧಕದ ಒಳಬಾಗಿಲು ೧೦,೦೦೦ ಓಮಿನದೆನ್ನೋಣ. ಬಿಲ್ಲೆಯನ್ನು ನೇರವಾಗಿ ಅದಕ್ಕೆ ಕಟ್ಟಿದರೆ, ಲೆಕ್ಕದ ಪ್ರಕಾರ, ಸುಮಾರು ೮೦೦ ಹರ್ಟ್ಸಿಗಿಂತ ಕೆಳಗಿನ ಸ್ವರಗಳೆಲ್ಲ ಕುಗ್ಗುತ್ತ ಹೋಗುವುವು. ವೀಣೆಯ ಸಾರಣಿ ತಂತಿಯ ಷಡ್ಜವು ಸಾಮಾನ್ಯವಾಗಿ ೧೬೦ ಹರ್ಟ್ಸಿನ ಆಸುಪಾಸಿನಲ್ಲಿರುವುದು. ಅದು ಐದರಲ್ಲಿ ಒಂದು ಪಾಲಾಗಿ ಮಾತ್ರ ವರ್ಧಕವನ್ನು ಮುಟ್ಟುವುದು. ಮಂದ್ರದ ಷಡ್ಜ ೮೦ರದು. ಅದು ಹತ್ತರಲ್ಲಿ ಒಂದು ಪಾಲು. ಆದರೆ ಮೀಟಿನ ಕಿರುಸದ್ದು, ತಂತಿಯು ಮೆಟ್ಟಿಲಿಗೆ ತಗಲುವ ಝಣತ್ಕಾರ, ೨,೪೦೦ ಹರ್ಟ್ಸಿನ ಮೇಲಿನ ಅನುಸ್ವರಗಳು, ಇವೆಲ್ಲ ಹೆಚ್ಚು ಕಡಮೆ ಇದ್ದಂತೆಯೇ ದಾಟಿಬರುವುವು. ಕೊಡದ ಗಂಭೀರವಾದ ನಾದ ಹಿಂದುಳಿದು, ತಗಡಿನ ಗಿಣಿಗಿಣಿ ಮಾತ್ರ ಬಂದರೆ ಆಶ್ಚರ್ಯವೇನು? ಇದಕ್ಕಾಗಿ ಎಷ್ಟು ದೊಡ್ಡ ವರ್ಧಕವನ್ನು ಕೊಂಡರೂ ಅದು ಗಿಣಿಗಿಣಿಯನ್ನೇ ದೊಡ್ಡದಾಗಿ ಕೇಳಿಸುವುದು. ಅಂಗಡಿಯವನ ಸಲಹೆ ಅವನಿಗೆ ಲಾಭಕರವಾದುದೆಂಬುದನ್ನು ಮಾತ್ರ ಒಪ್ಪುತ್ತೇವೆ.

ಬಿಲ್ಲೆಗೂ ವರ್ಧಕಕ್ಕೂ ನಡುವೆ ಬಫರನ್ನಿಟ್ಟು, ಬಿಲ್ಲೆಯ ಎದುರಿಗೆ ಹತ್ತು ಲಕ್ಷ ಓಮನ್ನು ಮಾತ್ರ ತೋರಿಸಿದರೆ, ಆ ೮೦೦ ಹರ್ಟ್ಸಿನ ಗಡಿ ೮ ಹರ್ಟ್ಸಿಗೆ ಇಳಿಯುವುದು. ಅಷ್ಟು ಕೆಳಗೆ ಮನುಷ್ಯನ ಕಿವಿಯೂ ಕೇಳದು. ಷಡ್ಜ ಮಂದ್ರಗಳೆರಡೂ ಪೂರ್ಣವಾಗಿ ದೊರೆಯುವುವು.

ಕಟ್ಟುವ ಕ್ರಮ ಹೀಗೆ. ಟಿಎಲ್ ೦೭೧ ಚಿಪ್ಪೊಂದು. ೯ ವೋಲ್ಟಿನ ಬ್ಯಾಟರಿಗಳು ಎರಡು. ಒಂದರ ಋಣಕ್ಕೆ ಇನ್ನೊಂದರ ಧನವನ್ನು ಸೇರಿಸಿ, ಆ ಸಂಧಿಯನ್ನೇ ಸೊನ್ನೆಯೆಂದು ಇಟ್ಟುಕೊಳ್ಳಬೇಕು. ಮೇಲಿನ ಧನ ೭ನೆಯ ಕಾಲಿಗೆ, ಕೆಳಗಿನ ಋಣ ೪ನೆಯದಕ್ಕೆ. ೬ನ್ನೂ ೨ನ್ನೂ ತಂತಿಯಿಂದ ಕಟ್ಟಿ. ಬಿಲ್ಲೆಯ ಒಂದು ತಂತಿ ೩ನೆಯ ಕಾಲಿಗೆ, ಇನ್ನೊಂದು ಸೊನ್ನೆಗೆ. ಇವೆರಡರ ನಡುವೆ ಹತ್ತು ಲಕ್ಷ ಓಮಿನ ರೆಸಿಸ್ಟರು. ಮೇಲೆ ಹೇಳಿದ ದಾರಿಯ ಕೆಲಸವನ್ನೂ ಇದೇ ಮಾಡುವುದು, ಆದ್ದರಿಂದ ಇದನ್ನು ಬಿಡಕೂಡದು. ೬ನೆಯ ಕಾಲಿನಿಂದ ೧೦೦ ಓಮಿನ ರೆಸಿಸ್ಟರೊಂದರ ಮೂಲಕ ವರ್ಧಕಕ್ಕೆ ಹೋಗುವ ತಂತಿ. ಈ ೧೦೦ ಓಮು ಏಕೆಂದರೆ, ಉದ್ದವಾದ ತಂತಿಯೂ ಒಂದು ಸಂಗ್ರಾಹಕದಂತೆ ವರ್ತಿಸಿ ಬಫರನ್ನು ಕಂಪನಕ್ಕೆ ಗುರಿಮಾಡಬಲ್ಲದು. ನಡುವೆ ಸ್ವಲ್ಪ ಇಕ್ಕಟ್ಟಿದ್ದರೆ ಆ ಭಯ ತಪ್ಪುವುದು.

ಬಫರನ್ನು ವರ್ಧಕದ ಬಳಿಯಲ್ಲಿಡದೆ ವೀಣೆಯ ಬಳಿಯಲ್ಲಿಯೇ ಇಡಬೇಕು. ಬಿಲ್ಲೆಯಿಂದ ಬರುವ ದುರ್ಬಲವಾದ ತಂತಿ ಉದ್ದವಾದಷ್ಟೂ ಮನೆಯ ವಿದ್ಯುತ್ತಿನ ೫೦ ಹರ್ಟ್ಸಿನ ಗುಂಯ್ಗುಟ್ಟುವಿಕೆಯನ್ನು ಅದು ಹೆಚ್ಚು ಹೆಚ್ಚಾಗಿ ಕುಡಿಯುವುದು. ಬಿಲ್ಲೆಯ ತಂತಿ ಒಂದು ಗೇಣು, ಹೆಣೆದ ಹೊರಕವಚವುಳ್ಳದ್ದು. ಬಫರಿನಿಂದಾಚೆಗೆ ಎಷ್ಟು ಮಾರಾದರೂ ಇರಲಿ. ಎಲ್ಲವನ್ನೂ ಲೋಹದ ಚಿಕ್ಕ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಸೊನ್ನೆಗೆ ಸೇರಿಸಿದರೆ ಇನ್ನೂ ಉತ್ತಮ. ಗೋಡೆಯ ವಿದ್ಯುತ್ತಿನ ಗೊಡವೆ ಇದಕ್ಕೆ ಬೇಡ. ಚಿಪ್ಪು ಸುಮಾರು ಒಂದೂವರೆ ಮಿಲಿಆಂಪಿಯರನ್ನು ಮಾತ್ರ ಬಳಸುವುದರಿಂದ ಒಳ್ಳೆಯ ಬ್ಯಾಟರಿಗಳು ನೂರು ಗಂಟೆಗೂ ಮಿಕ್ಕಿ ಬಾಳುವುವು. ಸ್ವಿಚ್ಚನ್ನು ಕೊಳ್ಳುವಾಗ ಎರಡು ಬ್ಯಾಟರಿಗಳನ್ನೂ ಒಟ್ಟಿಗೆ ಕಡಿಯುವ ಜೋಡಿ ಸ್ವಿಚ್ಚನ್ನೇ ಕೇಳಿ ತರಬೇಕು; ಒಂದನ್ನು ಮಾತ್ರ ಕಡಿದರೆ ಇನ್ನೊಂದು ಒಳಗೊಳಗೇ ಬರಿದಾಗುತ್ತಿರುವುದು.